ಹೆಬ್ಬೇವಿನ ದೋಣಿ

ವೀರಭದ್ರಯ್ಯ ಮೇಷ್ಟ್ರು ನನ್ನ ಅಂಗಡಿಗೆ ಬಂದು ಪೆನ್‌ಡ್ರೈವ್ ಕೊಟ್ಟಾಗ, ಯಾರದೋ ಹುಟ್ಟುಹಬ್ಬದ ಬ್ಯಾನರ್ ಇರಬೇಕು ಅಂದುಕೊಂಡೆ. ಕೊಟ್ಟೂರಿನ ಬಸ್‌ಸ್ಟ್ಯಾಂಡ್ ಹಿಂದಿನ ರಸ್ತೆಯಲ್ಲಿ ನನ್ನದು ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ. ಹುಟ್ಟುಹಬ್ಬ, ಗೃಹಪ್ರವೇಶ, ಚುನಾವಣೆ, ನಿಧನ ಅಂತ ಊರಿನ ಮುಖಗಳೆಲ್ಲ ಯಾವತ್ತೋ ಒಂದು ದಿನ ನನ್ನ ಯಂತ್ರದ ಕೆಳಗೆ ಹಾದುಹೋಗುತ್ತವೆ. ಮೇಷ್ಟ್ರ ಫೈಲಿನಲ್ಲಿ ಮಾತ್ರ ಮುಖವೇ ಇರಲಿಲ್ಲ. ಬರೀ ಗೆರೆಗಳು. ಒಂದರೊಳಗೊಂದು ಕೂತ ಕಮಾನುಗಳು. ಹೊರಗಿನದು ಅಗಲ, ಒಳಗೆ ಹೋದಂತೆಲ್ಲ ಕಿರಿದು, ಕಟ್ಟಕಡೆಯದು ಬೇವಿನ ಎಲೆಯ ತುದಿಯಷ್ಟು ಚೂಪು.

"ಏನ್ರಿ ಸರ್ ಇದು? ರಂಗೋಲಿ ಏನು?"

"ದೋಣಿ," ಅಂದರು. "ಅರುಣ, ಅಳತಿ ಒಂಚೂರು ಹಿಗ್ಗಬಾರ್ದು, ಕುಗ್ಗಬಾರ್ದು. ಅದು ಹೆಂಗೈತಿ ಹಂಗ ಬರ್ಬೇಕು ನೋಡು."

ಕೊಟ್ಟೂರಿನಲ್ಲಿ ಹೊಳೆಯಿಲ್ಲ. ಕೆರೆಯೊಂದಿದೆ, ಅದು ಮನಸ್ಸು ಬಂದ ವರ್ಷ ತುಂಬುತ್ತದೆ. ಆದರೂ ನಾನು ಹೆಚ್ಚೇನೂ ಕೇಳಲಿಲ್ಲ. ಅವರು ನನಗೆ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿದವರು. ಡ್ರಾಯಿಂಗ್ ಪೀರಿಯಡ್ ಅಂದರೆ ಗಣಿತದವರೋ ಇಂಗ್ಲಿಷಿನವರೋ ಕೇಳಿ ತೆಗೆದುಕೊಂಡುಬಿಡುವ ಪೀರಿಯಡ್. ಹಾಗೆ ಹೋಗಿ ಉಳಿದ ತರಗತಿಯಲ್ಲಿ ಅವರು ಸೀಮೆಸುಣ್ಣ ಹಿಡಿದು, ಬೋರ್ಡಿನ ಈ ತುದಿಯಿಂದ ಆ ತುದಿಗೆ ನಿಧಾನ ನಡೆಯುತ್ತ, ಒಂದೇ ಒಂದು ಗೆರೆ ಬರೆಯುತ್ತಿದ್ದರು. ಅದು ಎಮ್ಮೆಯ ಬೆನ್ನಾಗುತ್ತಿತ್ತು, ಇಲ್ಲವೇ ಗುಡ್ಡದ ಸಾಲು, ಇಲ್ಲವೇ ಮಗ್ಗುಲಾಗಿ ಮಲಗಿದ ಮನುಷ್ಯ. "ಗೆರಿ ಜಗ್ಗಬ್ಯಾಡ್ರಲೇ, ಹೋಗಾಕ ಬಿಡ್ರಿ ಅದನ್ನ," ಅನ್ನುತ್ತಿದ್ದರು. ನಮಗೆ ತಿಳಿಯುತ್ತಿರಲಿಲ್ಲ. ನಾವು ಸ್ಕೇಲಿಟ್ಟು ಮನೆ ಬರೆಯುತ್ತಿದ್ದೆವು.

ನಿವೃತ್ತರಾದ ಮೇಲೆ ಮಧ್ಯಾಹ್ನ ಊಟವಾಗಿ ಮನೆಯವರೆಲ್ಲ ಅಡ್ಡಾದ ಹೊತ್ತಿನಲ್ಲಿ ಅವರು ಮೊಬೈಲಿನಲ್ಲಿ ಒಂದು ವಿಡಿಯೊ ನೋಡುತ್ತಿದ್ದರಂತೆ. ಯಾವುದೋ ಚಳಿ ದೇಶ. ಒಬ್ಬ ಮುದುಕ ತನ್ನ ಮನೆಯ ಶೆಡ್ಡಿನಲ್ಲಿ ಸಣ್ಣ ಸಣ್ಣ ಮರದ ಪಟ್ಟಿಗಳನ್ನು ಒಂದರ ಪಕ್ಕ ಒಂದು ಅಂಟಿಸಿ ದೋಣಿ ಮಾಡುತ್ತಾನೆ. ಹೊರಗೆ ಹಿಮ ಬೀಳುತ್ತಿರುತ್ತದೆ. ಮುದುಕ ಮಾತಾಡುವುದೇ ಇಲ್ಲ. ಹೆಂಡತಿಯ ನಿದ್ದೆ ಕೆಡಬಾರದೆಂದು ಮೇಷ್ಟ್ರು ಅದನ್ನು ಸದ್ದು ತೆಗೆದು ನೋಡುತ್ತಿದ್ದರು. ಕೊಟ್ಟೂರಿನ ಬಿಸಿಲು ಕಿಟಕಿಯ ಆಚೆ ಕುದಿಯುತ್ತಿರುವಾಗ, ಅಂಗೈಯಲ್ಲಿ ಹಿಮ ಬೀಳುವುದನ್ನೂ ಮರ ಬಾಗುವುದನ್ನೂ ನೋಡುತ್ತ ಅವರಿಗೆ ತೂಕಡಿಕೆ ಬರುತ್ತಿತ್ತು. ಎದ್ದ ಮೇಲೂ ಬೆರಳುಗಳಲ್ಲಿ ಆ ಬಾಗು ಉಳಿದಿರುತ್ತಿತ್ತು.

"ಇಷ್ಟು ವರ್ಷ ನಾ ಬರೆದದ್ದೆಲ್ಲ ಚಪ್ಪಟಿ," ಅಂದರು ನನ್ನ ಸ್ಟೂಲಿನ ಮೇಲೆ ಕೂತು. "ಒಂದಾದ್ರೂ ಗೆರಿ ಮ್ಯಾಲ ಕೈ ಆಡಸ್ಬೇಕು ಅನ್ನಿಸ್ತು."

ಕಮಾನುಗಳು ಫ್ಲೆಕ್ಸಿನ ಮೇಲೆ ಕಪ್ಪಗೆ ಇಳಿದು ಬಂದವು. ಮೇಷ್ಟ್ರು ಸ್ಕೇಲು ಹಿಡಿದು ಅಳೆದು ನೋಡಿ, ತಲೆಯಾಡಿಸಿ, ಮಡಚಿದರೆ ಗೆರೆ ಬೀಳುತ್ತದೆಂದು ಚಾಪೆಯಂತೆ ಸುತ್ತಿ ಹೆಗಲ ಮೇಲಿಟ್ಟುಕೊಂಡು ಹೋದರು.

ಅವರ ಮನೆಯ ಹಿಂದೆ ಉದ್ದನೆಯ ತಗಡಿನ ಶೆಡ್ಡಿದೆ. ಅವರ ತಂದೆಯ ಕಾಲದಲ್ಲಿ ಅದರಲ್ಲಿ ಶೇಂಗಾ ತುಂಬಿಡುತ್ತಿದ್ದರು. ಈಗಲೂ ಮೂಲೆಯಲ್ಲಿ ನಿಂತರೆ ಒಣ ಸಿಪ್ಪೆಯ ವಾಸನೆ ಬರುತ್ತದೆ. ಅಲ್ಲಿ ನೆಲದಿಂದ ಸೊಂಟದೆತ್ತರಕ್ಕೆ ಒಂದು ಉದ್ದನೆಯ ನೇರ ತೊಲೆ ಕೂಡಿಸಿದರು. ಫ್ಲೆಕ್ಸಿನ ಕಮಾನುಗಳನ್ನು ಪ್ಲೈವುಡ್ಡಿನ ಮೇಲಿಟ್ಟು ಕೊಯ್ದು, ಒಂದೊಂದನ್ನೂ ಆ ತೊಲೆಯ ಮೇಲೆ ಮಾರುದ್ದಕ್ಕಿಂತ ಕಡಿಮೆ ಅಂತರದಲ್ಲಿ ತಲೆಕೆಳಗಾಗಿ ನಿಲ್ಲಿಸಿದರು. ನಡುವೆ ಅಗಲ, ಎರಡು ತುದಿಗೆ ಕಿರಿದು. ದೂರ ನಿಂತು ನೋಡಿದರೆ ಯಾವುದೋ ದೊಡ್ಡ ಮೀನಿನ ಎಲುಬು ಶೇಂಗಾ ಶೆಡ್ಡಿನಲ್ಲಿ ಈಜುತ್ತ ನಿಂತಂತೆ ಕಾಣುತ್ತಿತ್ತು.

ಮರಕ್ಕಾಗಿ ಬಹಳ ತಿರುಗಿದರು. ತೇಗ ಭಾರ. ವಿಡಿಯೊದ ಮುದುಕನ ಮರ ನಮ್ಮ ಕಡೆ ಹುಟ್ಟುವುದಿಲ್ಲ. ಕೊನೆಗೆ ಕೂಡ್ಲಿಗಿ ದಾರಿಯಲ್ಲಿ ಹುಲುಗಣ್ಣ ಅನ್ನುವ ರೈತನ ಹೊಲದ ಬದುವಿನ ಮೇಲೆ ಹೆಬ್ಬೇವು ಸಿಕ್ಕಿತು. ಬೇಗ ಬೆಳೆಯುವ, ನೆಟ್ಟಗೆ ಏರುವ, ಕೈಗೆ ಹಗುರಾದ ಮರ. ಪ್ಲೈವುಡ್ ಫ್ಯಾಕ್ಟರಿಗೆ ಕೊಡಲೆಂದು ಬೆಳೆಸಿದ್ದನ್ನು ಹುಲುಗಣ್ಣ ಒಂದಿಷ್ಟು ಕಡಿದು ಕೊಟ್ಟ. ಹಗರಿಬೊಮ್ಮನಹಳ್ಳಿಯ ಸಾಮಿಲ್ಲಿನವನು ಮಾತ್ರ ಮೇಷ್ಟ್ರು ಹೇಳಿದ ದಪ್ಪ ಕೇಳಿ ಗರಗಸ ನಿಲ್ಲಿಸಿದ.

"ಸರ್, ಕಾಲಿಂಚು ಕೊಯ್ದ್ರ ಅರ್ಧ ಮರ ಹೊಟ್ಟಾಗಿ ಹೋಗ್ತೈತಿ. ನಿಮಗ ಪಟ್ಟಿ ಬೇಕೋ ಹೊಟ್ಟು ಬೇಕೋ?"

"ಹೊಟ್ಟು ನೀನ ಇಟ್ಕ," ಅಂದರು ಮೇಷ್ಟ್ರು.

ಹೀಗೆ ಬಂದ ಪಟ್ಟಿಗಳು ಬೆರಳಗಲ, ಹದಿನಾರು ಅಡಿ ಉದ್ದ. ಒಬ್ಬರೇ ಎತ್ತಿದರೆ ಎರಡೂ ತುದಿ ಹಾವಿನಂತೆ ಬಳುಕಿ ನೆಲ ಮುಟ್ಟುತ್ತಿದ್ದವು. ಮೇಷ್ಟ್ರು ಮೊದಲನೆಯ ಪಟ್ಟಿಗೆ ಅಂಟು ಸವರಿ, ಈ ಕಡೆ ಕೂಡಿಸಿದರೆ ಆ ಕಡೆ ಜಾರಿತು. ಆ ಕಡೆ ಓಡಿದರೆ ಈ ಕಡೆ. ಅವರು ಹಾಗೆ ಓಡಾಡುವುದನ್ನು ಬಚ್ಚಲ ಬಾಗಿಲಲ್ಲಿ ನಿಂತು ಅವರ ಹೆಂಡತಿ ಸುಮಲತಮ್ಮ ಬಹಳ ಹೊತ್ತು ನೋಡಿದರಂತೆ.

ಸುಮಲತಮ್ಮನಿಗೆ ಈ ಕೆಲಸ ಹಿಡಿಸಿರಲಿಲ್ಲ. ಕೆಂಡದಂಥ ಬಿಸಿಲಲ್ಲಿ ತಗಡಿನ ಕೆಳಗೆ ಕೂತು ಮರದ ಧೂಳು ಕುಡಿಯುವ ಗಂಡನನ್ನು ಕಂಡು ಮಗಳು ಗೀತಾಂಜಲಿಗೆ ಫೋನು ಮಾಡಿ, "ನಿಮ್ಮಪ್ಪಗ ಒಂದ್ಸಲ ಡಾಕ್ಟ್ರಿಗೆ ತೋರಿಸ್ಬೇಕು ಕಾಣ್ತೈತಿ," ಅಂದಿದ್ದರು. ಆವತ್ತು ಮಾತ್ರ ಸೆರಗು ಸಿಕ್ಕಿಸಿಕೊಂಡು ಶೆಡ್ಡಿಗೆ ಬಂದರು.

"ಆ ತುದಿ ಕೊಡ್ರಿ ಇತ್ಲಾಗ."

ಆ ದಿನದಿಂದ ಬೆಳಗಿನ ಅಡುಗೆ ಮುಗಿದ ಮೇಲೆ ಇಬ್ಬರೂ ಶೆಡ್ಡಿನಲ್ಲಿ. ಅಂಟು ಹಿಡಿಯುವ ತನಕ ಪಟ್ಟಿಯನ್ನು ಒತ್ತಿ ಹಿಡಿದು ನಿಲ್ಲಬೇಕು. ಹಳೆಯ ಸೈಕಲ್ ಟ್ಯೂಬು ಕತ್ತರಿಸಿ ಅಲ್ಲಲ್ಲಿ ಬಿಗಿದರೂ ತುದಿಗೆ ಕೈಯೇ ಬೇಕು. ಕೈ ಕೆಲಸದಲ್ಲಿದ್ದು ಬಾಯಿ ಖಾಲಿ. ಮನೆಯಲ್ಲಿ ಅವರು ಮಾತಾಡುತ್ತಿದ್ದುದು ಹಾಲು, ಗ್ಯಾಸು, ಮಗಳ ಫೋನು ಇಷ್ಟರದೇ. ಇಲ್ಲಿ, ಹದಿನಾರು ಅಡಿ ದೂರದಲ್ಲಿ, ಮುಖ ಸರಿಯಾಗಿ ಕಾಣದ ಮಬ್ಬಿನಲ್ಲಿ, ಸುಮಲತಮ್ಮನಿಗೆ ಹಳೆಯದೆಲ್ಲ ನೆನಪಾಗತೊಡಗಿತು. ಒಂದು ಪಟ್ಟಿಗೆ ಒಂದು ಕತೆ.

ಅವರ ತವರು ಹಡಗಲಿಯ ಆಚೆ ಮಾಗಳ. ತುಂಗಭದ್ರೆ ಮನೆಯ ಹಿತ್ತಲಿಗೇ ಹತ್ತಿರ. ಅವರ ತಂದೆಯ ಹೊಲ ಹೊಳೆಯ ಆಚೆ ದಂಡೆಗಿತ್ತು. ಬುತ್ತಿ ಒಯ್ಯುವ ಕೆಲಸ ಚಿಕ್ಕ ಸುಮಾಳದು. ದಾಟಿಸುತ್ತಿದ್ದದ್ದು ಹರಿಗೋಲು, ಬಿದಿರು ಹೆಣೆದು ಚರ್ಮ ಹೊದಿಸಿದ, ದೊಡ್ಡ ಬುಟ್ಟಿಯಂಥ ದುಂಡನೆಯ ದೋಣಿ. ಅದರ ಅಂಬಿಗ ಹುಡುಗಿಯ ಕೈಗೆ ಹುಟ್ಟು ಕೊಟ್ಟು, ತಾನು ಬೀಡಿ ಹಚ್ಚಿಕೊಂಡು ಕೂತುಬಿಡುತ್ತಿದ್ದ. ಹನ್ನೊಂದು ಹನ್ನೆರಡರ ವಯಸ್ಸಿಗೆಲ್ಲ ಆಕೆ ಹೊಳೆಯನ್ನು ಒಬ್ಬಳೇ ದಾಟಿಸಬಲ್ಲಳಾಗಿದ್ದಳು.

"ಒಮ್ಮಿ ಏನಾತು ಅಂದ್ರ," ಅಂತ ಒಂದು ದಿನ ಪಟ್ಟಿ ಹಿಡಿದುಕೊಂಡೇ ಹೇಳಿದರು, "ಮಂಜು ಬಿತ್ತು. ಹುಟ್ಟು ಹಿಡಿದ ಕೈ ನನಗ ಕಾಣವಲ್ದು. ಹರಿಗೋಲು ತಿರುಗಿ ತಿರುಗಿ ಯಾವ ದಂಡಿ ಎಲ್ಲೈತಿ ಅನ್ನೂದ ತಿಳೀಲಿಲ್ಲ. ಮಂದಿ ಅಳಾಕ ಹತ್ತಿದ್ರು. ಅಂಬಿಗರ ಅಜ್ಜ ಎಲ್ಲಾರಿಗೂ ಸುಮ್ಕಿರ್ರಿ ಅಂದ. ಸುಮ್ಕಾದ್ವಿ. ಬಾಳ ಹೊತ್ತಾದ ಮ್ಯಾಲ ದೂರದಾಗ ನಮ್ಮೂರ ಹಿಟ್ಟಿನ ಗಿರಣಿ ಕುಕ್ ಕುಕ್ ಅನ್ನೂದು ಕೇಳಿಸ್ತು. ಆ ಸಪ್ಪಳ ಹಿಡಕೊಂಡು ಮನಿಗೆ ಬಂದ್ವಿ."

"ಅಂಜಿಕಿ ಬರ್ಲಿಲ್ಲೇನು ನಿನಗ?"

"ಇಲ್ರಿ. ಗಿರಣಿ ಕೇಳಿಸದ ಇದ್ರ ಚೊಲೊ ಇತ್ತು ಅನ್ನಿಸ್ತಿತ್ತು."

ಮೇಷ್ಟ್ರು ಆ ತುದಿಯಿಂದ ಕತ್ತೆತ್ತಿ ನೋಡಿದರು. ಆಕೆ ತಲೆ ತಗ್ಗಿಸಿ ಅಂಟು ಒರೆಸುತ್ತಿದ್ದರು.

ದೊಡ್ಡವಳಾದ ಮೇಲೆ ಆಕೆಯನ್ನು ಹೊಳೆಗೆ ಬಿಡಲಿಲ್ಲ. ಬುತ್ತಿ ಒಯ್ಯಲು ಬೇರೆಯವರು ಬಂದರು. ಮದುವೆಯಾಗಿ ಕೊಟ್ಟೂರು ಸೇರಿದ ಮೇಲೆ ತವರಿಗೆ ಹೋದಾಗಲೆಲ್ಲ ದಂಡೆಯ ಮೇಲೆ ನಿಂತು ಕೈಕಾಲು ತೊಳೆದುಕೊಂಡು ಬಂದದ್ದೇ ಬಂದದ್ದು. ಯಾರೂ ಬೇಡ ಅನ್ನಲಿಲ್ಲ, ಯಾರೂ ಬಾ ಅನ್ನಲೂ ಇಲ್ಲ. ಹೊಲ ಮಾರಿಹೋಯಿತು. ಸೇತುವೆಗಳಾಗಿ ಹರಿಗೋಲಿನ ಮಂದಿ ಕಡಿಮೆಯಾದರು. "ಇದನ್ನೆಲ್ಲ ನನಗ್ಯಾಕ ಹೇಳಿರ್ಲಿಲ್ಲ ನೀನು?" ಅಂತ ಮೇಷ್ಟ್ರು ಕೇಳಿದ್ದಕ್ಕೆ, "ನೀವು ಹೊಳಿ ಬಗ್ಗೆ ಯಾವಾಗ ಕೇಳಿದ್ರಿ?" ಅಂದರಂತೆ.

ಮೇಷ್ಟ್ರು ಇದನ್ನು ನನ್ನ ಅಂಗಡಿಯಲ್ಲಿ ಕೂತು ಹೇಳಿದರು. ಆಮೇಲೆ, "ಪಟ್ಟಿ ಇನ್ನೂ ಬಾಳ ಅದಾವ," ಅಂದರು. ಮುಗಿಯಬಾರದು ಅನ್ನುವಂತಿತ್ತು ಆ ದನಿ.

ತುದಿಗಳ ಹತ್ತಿರ ಮರ ಬಾಗುವುದಷ್ಟೇ ಅಲ್ಲ, ತಿರುಚಿಕೊಳ್ಳಲೂ ಬೇಕು. ಅಲ್ಲಿ ಮೊದಲ ಪಟ್ಟಿ ಟಪ್ಪೆಂದು ಮುರಿಯಿತು. ಎರಡನೆಯದೂ ಮುರಿಯಿತು. ಸುಮಲತಮ್ಮ ಬಚ್ಚಲ ಹಂಡೆಯ ಕುದಿನೀರಲ್ಲಿ ಹಳೆಯ ಪಂಚೆ ಅದ್ದಿ ತಂದು ಮರಕ್ಕೆ ಸುತ್ತಿದರು. ಹಬೆಯಾಡುವ ಪಟ್ಟಿ ಇಬ್ಬರ ಕೈಯಲ್ಲಿ ಮೆಲ್ಲಗೆ, ನಿದ್ದೆಯಲ್ಲಿ ಮಗ್ಗುಲು ಬದಲಿಸುವ ಮಗುವಿನಂತೆ ತಿರುಗಿ, ತನ್ನ ಜಾಗಕ್ಕೆ ಹೋಗಿ ಕೂತಿತು.

ಎಲುಬುಗಳೆಲ್ಲ ಮುಚ್ಚಿಹೋಗಿ, ಬೆನ್ನ ನಡುವಿನ ಕೊನೆಯ ಸಂದಿಗೆ ಬೆಣೆಯಂಥ ತುಂಡು ಕೂತ ದಿನ ಮೇಷ್ಟ್ರು ನನ್ನನ್ನು ಕರೆದರು. ಇನ್ನೂ ಅಂಟಿನ ಕಲೆ, ಏರುತಗ್ಗು ಎಲ್ಲ ಇತ್ತು. ಅವರು ಹೆರೆಯುವ ತೋಪಡ ಹಿಡಿದು ಉದ್ದಕ್ಕೆ ಎಳೆದಾಗ ಮರದ ಸುರುಳಿಗಳು ಗುಲಾಬಿ ಬಣ್ಣದ ರಿಬ್ಬನ್ನಿನಂತೆ ಎದ್ದು ಕಾಲಬುಡಕ್ಕೆ ಬೀಳುತ್ತಿದ್ದವು. ಆಮೇಲೆ ವಾರಗಟ್ಟಲೆ ಉಪ್ಪುಕಾಗದ ತಿಕ್ಕಿದರು. "ಕಣ್ಣು ಮುಚ್ಚು," ಅಂದರು ಒಂದು ಸಂಜೆ. ಮುಚ್ಚಿದೆ. ನನ್ನ ಕೈ ಹಿಡಿದು ಮರದ ಮೇಲಿಟ್ಟರು. ಎಲ್ಲಿಂದ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ಗೊತ್ತಾಗದಂತೆ ಕೈ ಜಾರಿಕೊಂಡು ಹೋಯಿತು. ನಾನು ಕಣ್ಣು ಬಿಟ್ಟಾಗ ಅವರು ಎದುರಿಗೆ ನಿಂತು ನಗುತ್ತಿದ್ದರು. ಹುಬ್ಬು ಮೀಸೆಯೆಲ್ಲ ಮರದ ಪುಡಿ.

ಮುಂದಿನದು ಗಾಜಿನ ನೂಲಿನ ಬಟ್ಟೆ ಹೊದಿಸಿ ರೆಸಿನ್ ಅನ್ನುವ ಅಂಟುದ್ರವ ಬಳಿಯುವ ಕೆಲಸ. ಅದಿಲ್ಲದೆ ನೀರು ತಡೆಯುವುದಿಲ್ಲ. ಏಪ್ರಿಲ್ ಮಧ್ಯಾಹ್ನ ಮೇಷ್ಟ್ರು ಮಗ್ಗಿನಲ್ಲಿ ರೆಸಿನ್ನಿಗೆ ಅದನ್ನು ಗಟ್ಟಿ ಮಾಡುವ ಹಾರ್ಡನರ್ ಕಲಸಿದರು. ಕುಂಚ ತರಲೆಂದು ಒಳಗೆ ಹೋಗಿ ಬರುವಷ್ಟರಲ್ಲಿ ಮಗ್ಗಿನಿಂದ ಹೊಗೆ ಏಳುತ್ತಿತ್ತು. ಮುಟ್ಟಿದರೆ ಸುಡುತ್ತಿತ್ತು. ನೋಡನೋಡುತ್ತ ಅಷ್ಟೂ ಕಲ್ಲಾಯಿತು. ಮತ್ತೊಮ್ಮೆ ಕಲಸಿದರು. ಅದೂ ಹಾಗೇ. ಮೇಷ್ಟ್ರು ಆವತ್ತು ಊಟ ಬಿಟ್ಟು ಮಲಗಿದರಂತೆ.

ಗೀತಾಂಜಲಿ ಹರಪನಹಳ್ಳಿಯಲ್ಲಿ ನರ್ಸು. ಆಕೆ ವಿಚಾರಿಸಿ ಮಾರೇಶ್ ಅನ್ನುವವನನ್ನು ಕಳಿಸಿದಳು. ಅವನು ಕಲ್ಯಾಣ ಮಂಟಪಗಳ ಬಾಗಿಲಿಗೆ ನಿಲ್ಲಿಸುವ ಫೈಬರ್ ಕುದುರೆ, ಆನೆ ಮಾಡುವವನು. ಬೈಕಿನ ಹಿಂದೆ ರೋಲರು, ಡಬ್ಬಿ ಕಟ್ಟಿಕೊಂಡು ಬಂದು, ಶೆಡ್ಡಿನ ಬಾಗಿಲಲ್ಲಿ ನಿಂತವನು ಒಳಗೆ ಬರುವುದನ್ನೇ ಮರೆತ.

"ಸರ್, ನಾನು ಇಷ್ಟು ಕುದುರೆ ಮಾಡೀನಿ. ಒಂದಕ್ಕೂ ಇಂಥ ಬೆನ್ನು ಬಂದಿಲ್ಲ ನೋಡ್ರಿ," ಅಂದ. ಆಮೇಲೆ ತಗಡು ನೋಡಿ, "ಈ ಬಿಸಿಲಾಗೆ ಆಗಂಗಿಲ್ಲ. ಬೆಳಕು ಹರಿಯೋ ಮುಂಚೆ ಶುರು ಮಾಡ್ಬೇಕು. ಸ್ವಲ್ಪ ಸ್ವಲ್ಪನೇ ಕಲಸ್ಬೇಕು. ರಾತ್ರಿ ಇಲ್ಲೇ ಉಳೀತೀನಿ ಬಿಡ್ರಿ," ಅಂದ.

ಮರುದಿನ ಹಕ್ಕಿ ಕೂಗುವ ಹೊತ್ತಿಗೆ ನಾನೂ ಹೋದೆ. ದೋಣಿಯ ಮೇಲೆ ಬಿಳಿ ಬಟ್ಟೆ ಹೊದಿಸಿತ್ತು. ಯಾರೋ ತಣ್ಣಗೆ ಮಲಗಿದ್ದಾರೆ ಅನ್ನಿಸುವಂತೆ. ಮಾರೇಶ್ ನಡುವಿನಿಂದ ರೆಸಿನ್ ಸುರಿದು ರೋಲರ್ ಆಡಿಸಿದ. ಅದು ಮುಟ್ಟಿದಲ್ಲೆಲ್ಲ ಬಟ್ಟೆ ಕಾಣದಾಯಿತು. ಬಿಳುಪು ಕರಗಿ ಕೆಳಗಿನ ಮರ ಒದ್ದೆಯಾಗಿ, ಕೆಂಪಾಗಿ, ಜೇನಿನ ಬಣ್ಣಕ್ಕೆ ತಿರುಗಿ ಮೇಲೆದ್ದು ಬಂತು. ಒಂದೊಂದು ಪಟ್ಟಿಯ ಒಂದೊಂದು ನರವೂ ಕಂಡಿತು. ಹುಲುಗಣ್ಣನ ಬದುವಿನ ಮೇಲೆ ಆ ಮರಗಳು ಕುಡಿದ ಮಳೆಗಾಲಗಳೆಲ್ಲ ಅಲ್ಲಿ ಗೆರೆಗಳಾಗಿ ಕೂತಿದ್ದವು. ಸುಮಲತಮ್ಮ ಚಹಾದ ತಟ್ಟೆ ಹಿಡಿದುಕೊಂಡು ನಿಂತೇ ಇದ್ದರು. ಚಹಾ ಆರಿಹೋಯಿತು.

ಹೊರಗಿನದು ಗಟ್ಟಿಯಾದ ಮೇಲೆ ಅಚ್ಚಿನಿಂದ ಬಿಡಿಸಿ ಅಂಗಾತ ಮಾಡಿ ಒಳಗೂ ಬಟ್ಟೆ ಹಾಕಿದರು. ಅಂಚಿಗೆ ತೇಗದ ಪಟ್ಟಿ, ಕೂರಲು ನೈಲಾನ್ ಪಟ್ಟಿ ಹೆಣೆದ ಎರಡು ಮಣೆ, ಮಿಕ್ಕ ಮರದಲ್ಲಿ ಎರಡು ಹುಟ್ಟು. ಮೇಷ್ಟ್ರು ಒಂದು ಕಡೆ, ಸುಮಲತಮ್ಮ ಒಂದು ಕಡೆ ಹಿಡಿದರೆ ಸಾಕು, ಖಾಲಿ ತೊಟ್ಟಿಲು ಎತ್ತಿದಷ್ಟು ಹಗುರಾಗಿ ಅದು ನೆಲ ಬಿಟ್ಟು ಏಳುತ್ತಿತ್ತು.

ಮಳೆಗಾಲ ಮುಗಿದು ಹೊಳೆಯ ಕೆಂಪು ಇಳಿಯುವ ತನಕ ಕಾದರು. ದಸರೆ ಕಳೆದ ಮೇಲೆ ಒಂದು ಬೆಳಿಗ್ಗೆ ಟಾಟಾ ಏಸ್ ಗಾಡಿಯ ಮೇಲೆ ಹಾಸಿಗೆ ಹಾಸಿ ದೋಣಿಯನ್ನು ಮಲಗಿಸಿ ಕಟ್ಟಿದೆವು. ಅರ್ಧ ದೋಣಿ ಹಿಂದಕ್ಕೆ ಚಾಚಿತ್ತು. ತುದಿಗೆ ನನ್ನ ಅಂಗಡಿಯ ಕೆಂಪು ಫ್ಲೆಕ್ಸಿನ ತುಂಡು ಕಟ್ಟಿದೆ. ಸುಮಲತಮ್ಮ ಡ್ರೈವರ್ ಪಕ್ಕ ಕೂತರು. ನಾನು, ಮೇಷ್ಟ್ರು ಬೈಕಿನಲ್ಲಿ ಹಿಂದೆ ಹೊರಟೆವು. ದಾರಿಯುದ್ದಕ್ಕೂ ಮೆಕ್ಕೆಜೋಳದ ಹೊಲ, ಅದರ ನಡುವೆ ಜೇನುಬಣ್ಣದ ದೋಣಿ ನಮ್ಮ ಮುಂದೆ ತೇಲಿಕೊಂಡು ಹೋಗುತ್ತಿತ್ತು. ಹಡಗಲಿಯಲ್ಲಿ ಚಹಾಕ್ಕೆ ನಿಂತಾಗ ಮಂದಿ ಸುತ್ತುಗಟ್ಟಿದರು. ಹೋಟೆಲಿನವನು ಕೈ ಒರೆಸಿಕೊಂಡು ಬಂದು, "ನಮ್ಮೂರ ಹೆಸರಾಗ ಹಡಗು ಐತಿ ಅಂತ ಸಣ್ಣಾವಿದ್ದಾಗಿಂದ ಕೇಳೀನ್ರಿ, ಕಣ್ಣಿಲೆ ನೋಡಿದ್ದು ಇವತ್ತ," ಅಂದ. ಹೂವಿನವಳ ಹತ್ತಿರ ಸುಮಲತಮ್ಮ ಒಂದು ಮಾರು ಮಲ್ಲಿಗೆ ಕೊಂಡು, ಅರ್ಧ ತಾವು ಮುಡಿದು ಅರ್ಧ ದೋಣಿಯ ಮೂತಿಗೆ ಸುತ್ತಿದರು.

ಮಾಗಳದ ದಂಡೆಯಲ್ಲಿ ಪಕ್ಕೀರಪ್ಪ ಕಾಯುತ್ತಿದ್ದ. ಸುಮಲತಮ್ಮನನ್ನು ದಾಟಿಸುತ್ತಿದ್ದ ಅಂಬಿಗರ ಅಜ್ಜನ ಮಗ ಅವನು. ಈಗ ಅವನಿಗೇ ತಲೆ ಬೆಳ್ಳಗಾಗಿದೆ. ಹರಿಗೋಲಿನಲ್ಲಿ ಮೀನು ಹಿಡಿಯುತ್ತಾನೆ. ದೋಣಿಯ ಸುತ್ತ ಒಂದು ಸುತ್ತು ಬಂದು ಮೂತಿಯ ಮೇಲೆ ಕೈಯಿಟ್ಟ. "ನಮ್ಮದಕ್ಕ ಮುಖ ಇಲ್ಲ, ಬೆನ್ನಿಲ್ಲ. ಇದಕ್ಕ ಮೂಗು ಐತಲ್ಲ ತಂಗೆವ್ವ! ಹುಷಾರು, ಇದು ಮೂಗು ತಿರುಗಿದ ಕಡಿ ಹೊಕ್ಕೈತಿ," ಅಂದ.

ಕಾಯಿ ಒಡೆದು ವಿಭೂತಿ ಹಚ್ಚಿದರು. ನೀರಿಗೆ ಬಿಟ್ಟಾಗ ದೋಣಿ ಸದ್ದೇ ಮಾಡಲಿಲ್ಲ. ಒಂದು ಎಲೆ ಬಿದ್ದಂತೆ ಹೋಗಿ ನಿಂತಿತು. ಮೇಷ್ಟ್ರು ಧೋತರ ಮೊಣಕಾಲಿಗೆ ಎತ್ತಿ ಕಟ್ಟಿ, ಮಂಡಿಯುದ್ದ ನೀರಿಗಿಳಿದು, ಒಂದು ಕಾಲನ್ನು ಒಳಗಿಟ್ಟರು. ಇನ್ನೊಂದು ಕಾಲು ಎತ್ತುವಾಗ ನೆಟ್ಟಗೆ ನಿಂತುಬಿಟ್ಟರು. ದೋಣಿ ಮಗ್ಗುಲಾಯಿತು. ಮೇಷ್ಟ್ರು ಇರಲಿಲ್ಲ.

ಆಳವೇನೂ ಇರಲಿಲ್ಲ. ಪಕ್ಕೀರಪ್ಪ ಮರುಕ್ಷಣವೇ ರಟ್ಟೆ ಹಿಡಿದು ಎತ್ತಿದ. ಆದರೆ ಮೇಲೆ ಬಂದ ಮುಖ ಬೇರೆಯೇ ಆಗಿತ್ತು. ನಾನು ನಗಲು ಹೋದವನು ನಿಲ್ಲಿಸಿದೆ. ಬಂಡೆಯ ಮೇಲೆ ಕೂತು ಅವರು ಗಡಗಡ ನಡುಗುತ್ತಿದ್ದರು. ಬಿಸಿಲಿತ್ತು, ಚಳಿಯಿರಲಿಲ್ಲ.

"ಕಣ್ಣು ಬಿಟ್ಟಿದ್ನಿ. ಏನೂ ಇರ್ಲಿಲ್ಲ ಸುಮಾ. ಮ್ಯಾಲ ಯಾವ್ದು ಕೆಳಗ ಯಾವ್ದು... ನನಗ ಆಗೂದಿಲ್ಲ. ಮಾಡೂದಷ್ಟ ನನಗ ಬೇಕಾಗಿತ್ತು ಕಾಣ್ತೈತಿ. ಕೂಡೂದು ಆಗೂದಿಲ್ಲ."

ಸುಮಲತಮ್ಮ ಟವಲಿನಿಂದ ಅವರ ತಲೆ ಒರೆಸಿದರು. ಆಮೇಲೆ ದೋಣಿಯ ಕಡೆ ನೋಡಿದರು. ಅದು ಪಕ್ಕೀರಪ್ಪನ ಕೈಯಲ್ಲಿ ಹಗ್ಗ ಕಟ್ಟಿದ ಕರುವಿನಂತೆ ಅತ್ತಿತ್ತ ಆಡುತ್ತಿತ್ತು. ಆಕೆ ಸೀರೆಯನ್ನು ಕಚ್ಚೆ ಹಾಕಿ ಬಿಗಿದು, ಚಪ್ಪಲಿ ಬಿಟ್ಟು, ಬಾಗಿ ಎರಡೂ ಅಂಚು ಹಿಡಿದು, ಒಳಗೆ ಜಾರಿ ಕೂತರು.

"ಹಗ್ಗ ಬಿಡಣ್ಣ."

ಪಕ್ಕೀರಪ್ಪ ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ತಲೆಯಾಡಿಸಿದರು. ಅವನು ಬಿಟ್ಟ.

ಮೊದಲು ಆಕೆ ಹರಿಗೋಲಿನ ಅಭ್ಯಾಸದಂತೆ ಮುಂದಕ್ಕೆ ಬಾಗಿ ನೀರನ್ನು ತನ್ನತ್ತ ಬಾಚಿದರು. ದೋಣಿ ಕುಡಿದವನಂತೆ ಆ ಕಡೆ ಈ ಕಡೆ ಓಡಿತು. ನಿಲ್ಲಿಸಿದರು. ಹುಟ್ಟನ್ನು ಪಕ್ಕಕ್ಕೆ ಹಾಕಿ ಎಳೆದು ನೋಡಿದರು, ಕೊನೆಯಲ್ಲಿ ಚೂರು ಹೊರಳಿಸಿ ನೋಡಿದರು. ಮೂಗು ನೆಟ್ಟಗಾಯಿತು. ಮತ್ತೆ ಎಳೆದರು. ಆಮೇಲೆ ನಾವು ನೋಡಿದ್ದು ಐವತ್ತು ದಾಟಿದ ಹೆಂಗಸನ್ನಲ್ಲ. ಹೊಳೆಯ ಮೇಲೆ ಒಂದು ಜೇನುಬಣ್ಣದ ಗೆರೆ, ಅದರ ನಡುವೆ ಹಸಿರು ಸೀರೆಯ ಚುಕ್ಕೆ, ಹಿಂದೆ ಬೆಳಕನ್ನು ಎರಡಾಗಿ ಸೀಳುತ್ತ ಹೋಗುವ ನೀರು. ಅದು ಚಿಕ್ಕದಾಗುತ್ತ ಜಾಲಿಗಿಡಗಳ ತಿರುವಿನಲ್ಲಿ ಮರೆಯಾಯಿತು.

ಕಾದೆವು. ಹೊಳೆ ಖಾಲಿಯಾಗಿತ್ತು. ಒಂದು ಮಿಂಚುಳ್ಳಿ ಬಂದು ಹರಿಗೋಲು ಕಟ್ಟುವ ಕಂಬದ ಮೇಲೆ ಕೂತು ಹೋಯಿತು. ಮೇಷ್ಟ್ರ ಧೋತರ ಮೈಮೇಲೇ ಒಣಗಿತು. ನನಗೆ ಅಂಜಿಕೆ ಶುರುವಾಗಿ ಪಕ್ಕೀರಪ್ಪನಿಗೆ ಹರಿಗೋಲು ಬಿಡಲು ಹೇಳೋಣವೆಂದು ಎದ್ದೆ. ಮೇಷ್ಟ್ರು ತಡೆದರು.

"ಬ್ಯಾಡ, ಕುಂದ್ರು. ಆಕಿ ಬರ್ತಾಳ." ಜಾಲಿಗಿಡಗಳ ಕಡೆ ನೋಡುತ್ತ, "ಹಂಗ ಇರ್ತಾಳ ಆಕಿ ಅಂತ ನನಗ ಗೊತ್ತಿರ್ಲಿಲ್ಲಲೇ ಅರುಣ," ಅಂದರು. ಅಂಜಿಕೆಯ ಕೆಳಗೆ ಅವರ ಮುಖದಲ್ಲಿ ಇನ್ನೇನೋ ಇತ್ತು. ಮದುವೆಗೆ ಮುಂಚೆ ಹೆಣ್ಣು ನೋಡಲು ಬಂದವನ ಮುಖದಲ್ಲಿರುವಂಥದ್ದು.

ಆಕೆ ತಿರುವಿನಿಂದ ಬರಲಿಲ್ಲ. ಆಚೆ ದಂಡೆಯಿಂದ ಅಡ್ಡ ದಾಟಿಕೊಂಡು, ಆತುರವಿಲ್ಲದೆ ಬಂದರು. ಕೂದಲು ಬಿಚ್ಚಿಹೋಗಿತ್ತು. ಮಲ್ಲಿಗೆ ಹೊಳೆಯ ಪಾಲಾಗಿತ್ತು.

"ನಮ್ಮ ಹೊಲದ ತನ ಹೋಗಿದ್ನಿ," ಅಂದರು ಇಳಿಯದೆ. "ಯಾರೋ ಸೂರ್ಯಕಾಂತಿ ಹಾಕ್ಯಾರ. ಎಲ್ಲಾ ಹೂವು ಹೊಳಿ ಕಡೆ ಮುಖ ಮಾಡಿ ನಿಂತಿದ್ವು." ಆಮೇಲೆ ಗಂಡನನ್ನು ನೋಡಿ, "ಎಷ್ಟು ಚಂದ ಮಾಡೀರಿ ಇದನ್ನ," ಅಂದರು. ಅಷ್ಟು ತಿಂಗಳಲ್ಲಿ ಆ ಮಾತನ್ನು ಆಕೆ ಒಮ್ಮೆಯೂ ಅಂದಿರಲಿಲ್ಲ. ಮೇಷ್ಟ್ರು ಬಂಡೆಯ ಮೇಲೆ ಕೂತಲ್ಲೇ ಮುಖ ಆ ಕಡೆ ತಿರುಗಿಸಿಕೊಂಡರು.

ದೋಣಿ ಕೊಟ್ಟೂರಿಗೆ ಮರಳಲಿಲ್ಲ. ಪಕ್ಕೀರಪ್ಪನ ಮನೆಯ ಪಡಸಾಲೆಯಲ್ಲಿ ಉಳಿಯಿತು. ಗಂಡ ಹೆಂಡತಿ ಹತ್ತು ಹದಿನೈದು ದಿನಕ್ಕೊಮ್ಮೆ ಮಾಗಳಕ್ಕೆ ಬಸ್ಸು ಹತ್ತತೊಡಗಿದರು. ಆಕೆ ಹೊಳೆಯ ಮೇಲೆ ಹೋದಾಗ ಮೇಷ್ಟ್ರಿಗೆ ಪಕ್ಕೀರಪ್ಪನ ಪಾಠ. "ಮೊದ್ಲು ನೀರಾಗ ಕುಂದ್ರಾಕ ಕಲೀರಿ ಸ್ವಾಮೇರ, ಆಮ್ಯಾಲ ದೋಣ್ಯಾಗ," ಅಂತ ಅವನು ಅವರನ್ನು ದಂಡೆಯ ಹತ್ತಿರ ಕುತ್ತಿಗೆಯವರೆಗಿನ ನೀರಿನಲ್ಲಿ ಕೂರಿಸಿ, ತಾನು ಪಕ್ಕದ ಬಂಡೆಯ ಮೇಲೆ ಬಲೆ ಹೊಲಿಯುತ್ತ ಕೂರುತ್ತಿದ್ದ. ಕೆಲವು ಸಲ ಮೇಷ್ಟ್ರು ಎದ್ದು ಓಡಿದರು. ಒಂದು ಸಲ ಅತ್ತರು ಕೂಡ, ಪಕ್ಕೀರಪ್ಪ ಬಲೆಯಿಂದ ಕಣ್ಣೆತ್ತಲಿಲ್ಲ. ಕ್ರಮೇಣ ಅವರು ತಲೆ ಮುಳುಗಿಸಿ ಕಣ್ಣು ಬಿಟ್ಟರು. ಕೆಳಗೆ ಯಾವುದು, ಮೇಲೆ ಯಾವುದು ಅಂತ ಗೊತ್ತಾಗತೊಡಗಿತು. ಮೇಲಿನದು ಬೆಳಕು.

ಸಂಕ್ರಾಂತಿ ಆಸುಪಾಸಿಗೆ ಅವರು ದೋಣಿ ಹತ್ತಿದರು. ಮೈಗೆ ಲೈಫ್ ಜಾಕೆಟ್ಟು, ಅದರ ಮೇಲೆ ರುದ್ರಾಕ್ಷಿ. ಮಣೆಯ ಮೇಲೂ ಅಲ್ಲ, ತಳದಲ್ಲಿ ಕಾಲು ಚಾಚಿ ಕೂತು, ಎರಡೂ ಅಂಚನ್ನು ಗಟ್ಟಿಯಾಗಿ ಹಿಡಿದು. ಹೆಂಡತಿ ಹಿಂದೆ ಕೂತು ಹುಟ್ಟು ಹಾಕಿದರು. ಎಷ್ಟು ದೂರ ಹೋದಿರಿ ಅಂತ ನಾನು ಫೋನಿನಲ್ಲಿ ಕೇಳಿದರೆ, "ದೂರ ಗೊತ್ತಿಲ್ಲಪ, ಹೋಗಿದ್ವಿ," ಅಂದರು.

ಹೋದ ತಿಂಗಳು ನನ್ನನ್ನೂ ಕರೆದೊಯ್ದರು. ಹಿಂದಿನ ದಿನವೇ ಹೋಗಿ ಪಕ್ಕೀರಪ್ಪನ ಮನೆಯಲ್ಲಿ ಉಳಿದು, ಬೆಳಕು ಮೂಡುವಾಗ ಹೊಳೆಗೆ ಇಳಿದೆವು. ಹಿಂದೆ ಸುಮಲತಮ್ಮ, ನಡುವೆ ನಾನು, ಮುಂದಿನ ಮಣೆಯ ಮೇಲೆ ಮೇಷ್ಟ್ರು. ಅವರ ಕೈಯಲ್ಲೂ ಹುಟ್ಟಿತ್ತು. ಹಾಕುವುದಕ್ಕಿಂತ ಹೆಚ್ಚಾಗಿ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದರು. ನೀರಿನಿಂದ ಹಬೆ ಏಳುತ್ತಿತ್ತು. ದಂಡೆಯ ಗಿಡಗಳು ಅರ್ಧಕ್ಕೆ ಕರಗಿ, ಮೇಲಿನ ಅರ್ಧ ಗಾಳಿಯಲ್ಲಿ ನಿಂತಿದ್ದವು. ನಾವು ಯಾವುದರ ಮೇಲೆ ಹೋಗುತ್ತಿದ್ದೇವೆ ಅನ್ನುವುದೇ ಮರೆಯುವಷ್ಟು ನಿಶ್ಶಬ್ದ.

"ಅಲ್ಲಿ ನೋಡು," ಅಂತ ಮೇಷ್ಟ್ರು ಉಸಿರಿನಲ್ಲೇ ಅಂದರು.

ಮುಂದೆ ನೀರಿನಿಂದ ಮೂರು ತಲೆಗಳೆದ್ದಿದ್ದವು. ಒದ್ದೆ, ಕಂದು, ಮೀಸೆಯಿಂದ ಹನಿ ತೊಟ್ಟಿಕ್ಕುತ್ತಿದ್ದ ನೀರುನಾಯಿಗಳು. ನಮ್ಮನ್ನು ಅಚ್ಚರಿಯಿಂದ, ಸ್ವಲ್ಪವೂ ಅಂಜದೆ ನೋಡಿದವು. ಸುಮಲತಮ್ಮ ಹುಟ್ಟು ಎತ್ತಿ ಮಡಿಲಲ್ಲಿಟ್ಟುಕೊಂಡರು. ಒಂದು ನೀರುನಾಯಿ ಮುಳುಗಿತು. ಗುಳ್ಳೆಗಳ ಸಾಲು ನಮ್ಮ ಕಡೆಗೇ ಬಂತು, ದೋಣಿಯ ಅಡಿಗೆ ಹೋಯಿತು. ಕಾಲಿಂಚು ಮರದ ಆಚೆಯಿಂದ, ನನ್ನ ಅಂಗಾಲಿನ ಕೆಳಗೇ, ಏನೋ ಮೆತ್ತಗೆ ಉಜ್ಜಿಕೊಂಡು ಉದ್ದಕ್ಕೆ ಹಾದುಹೋಯಿತು. ಮೇಷ್ಟ್ರು ತಿರುಗಿ ನನ್ನನ್ನು ನೋಡಿದರು, ನನ್ನ ಹೆಗಲ ಮೇಲಿಂದ ಹೆಂಡತಿಯನ್ನು ನೋಡಿದರು. ಮೂವರೂ ಉಸಿರು ಬಿಗಿಹಿಡಿದು ಕೂತೆವು. ದೋಣಿ ತನ್ನಷ್ಟಕ್ಕೆ ತೇಲುತ್ತಿತ್ತು.